ನಮ್ಮ ಓಣಿಯ ವೈಜ್ಞಾನಿಕ ಸಮಾಜವಾದ

ಸಮಾಜವಾದವೆಂದರೆ ಬರೀ ಸದಾಶಯವಲ್ಲ, ಅದೊಂದು ವಿಜ್ಞಾನ ಎಂದು ಕೊಟ್ಟೂರಿನ ಕಾಲೇಜಿನಲ್ಲಿ ನಿವೃತ್ತಿಯಾಗುವವರೆಗೂ ಪಾಠ ಹೇಳಿದವನು ನಾನು. ಮನುಷ್ಯ ಕೆಟ್ಟವನಲ್ಲ, ವ್ಯವಸ್ಥೆ ಅವನನ್ನು ಹಾಗೆ ಮಾಡುತ್ತದೆ, ವ್ಯವಸ್ಥೆ ಬದಲಾದರೆ ಅವನು ತಾನಾಗಿಯೇ ಬದಲಾಗುತ್ತಾನೆ ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಹುಡುಗರು ಅದನ್ನೇ ಬರೆದು ಪಾಸಾಗುತ್ತಿದ್ದರು. ನಂಬದೆ ಉಳಿದವಳು ನನ್ನ ಹೆಂಡತಿ ಗೌರಮ್ಮ ಒಬ್ಬಳೇ. "ವಿಜ್ಞಾನ ಅಂದ್ರ ಮಾಡಿ ತೋರಸ್ಬೇಕ್ರಿ. ಮೊದ್ಲು ನಮ್ಮ ನಳಕ್ಕ ನೀರು ಬರಂಗ ಮಾಡ್ರಿ, ನೋಡೋಣು" ಎಂದಳು.

ನಮ್ಮ ಮನೆ ಓಣಿಯ ಏರಿನ ತುದಿಯಲ್ಲಿದೆ. ನೀರು ಬಿಟ್ಟ ದಿನ ಕೆಳಗಿನ ಮನೆಗಳವರೆಲ್ಲ ನಳಕ್ಕೆ ಮೋಟರು ಹಚ್ಚಿ ಎಳೆದುಬಿಡುತ್ತಿದ್ದರು. ನಾನೂ ಒಂದು ತಂದು ಹಚ್ಚಿದೆ. ಅದು ಗಾಳಿ ಎಳೆದು ಗೊರಕೆ ಹೊಡೆಯಿತು. ಸ್ನಾನಕ್ಕೂ ತತ್ವಾರವಾದಾಗ, ಒಳ್ಳೆಯ ಮಾತಿನಿಂದಲೇ ಜನರ ಮನಸ್ಸು ತಿದ್ದೋಣವೆಂದು ಓಣಿಯ ಬುಡದಲ್ಲಿರುವ, ಮೋಟರು ರಿಪೇರಿ ಮಾಡುವ ಖಾದರ್ ಸಾಬರ ಮನೆಗೆ ಹೋದೆ. ಅವರು ಚಹಾ ಕೊಟ್ಟು, "ನಿಮ್ಮ ಮಾತು ಬರೋಬರಿ ಐತ್ರಿ ಸರ. ಆದ್ರ ನಾನೊಬ್ನ ಬಂದ್ ಮಾಡಿದ್ರ ನೀರು ನಿಮ್ಮನಿಗೆ ಬರಂಗಿಲ್ಲ, ಬಾಜೂ ಮನ್ಯಾರು ಎಳಕಂತಾರ" ಎಂದರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಇಷ್ಟು ವರ್ಷ ಮೇಜು ಗುದ್ದಿ ನಾನು ಹೇಳಿದ್ದೂ ಇದನ್ನೇ. ತಪ್ಪು ಖಾದರ್ ಸಾಬರದಲ್ಲ, ವ್ಯವಸ್ಥೆಯದು.

"ಹಂಗಾದ್ರ ಎಲ್ಲಾರೂ ಒಂದೇ ದಿನ ನಮ್ಮ ನಮ್ಮ ಮೋಟ್ರು ಬಿಚ್ಚೋಣು. ಓಣಿಗೆಲ್ಲ ಒಂದ ಮೋಟ್ರು, ಒಂದ ಟ್ಯಾಂಕು" ಎಂದೆ. ಖಾದರ್ ಸಾಬರು ಹೂಂ ಅಂದರು. ಅವರು ಅಂದಮೇಲೆ ಓಣಿಯೂ ಅಂದಿತು. ಎಲ್ಲರೂ ತಂತಮ್ಮ ಮೋಟರು ಬಿಚ್ಚಿದರು, ನಾನೂ ಬಿಚ್ಚಿದೆ. ಬುಡದಲ್ಲಿ ಮೋಟರು, ಏರಿನ ನಮ್ಮ ಅಂಗಳದಲ್ಲಿ ಟ್ಯಾಂಕು, ಅಲ್ಲಿಂದ ಮನೆಮನೆಗೆ ಪೈಪು. ಮುಂದಿನ ಸಲ ನೀರು ಬಿಟ್ಟಾಗ ಟ್ಯಾಂಕು ತುಂಬಿ ಎಲ್ಲರ ಮನೆಗೂ ಇಳಿಯಿತು. ಹಂಡೆ ತುಂಬಿದ ಕೂಡಲೇ ಜನ ಯಾರೂ ಹೇಳದೆ ತಮ್ಮ ತಮ್ಮ ನಳ ನಿಲ್ಲಿಸಿದರು. ನಾನು ತಲೆತುಂಬ ನೀರು ಸುರಿದುಕೊಂಡು, ವಿಜ್ಞಾನ ಗೆದ್ದಿತೆಂದು ಬಚ್ಚಲಿನಿಂದಲೇ ಸಾರಿದೆ. ಎದುರು ಮನೆಯ ಅಜ್ಜಿ ಮಾತ್ರ, "ಅಂತೂ ಕೊಟ್ರಯ್ಯ ಕಣ್ಣು ತಗದ" ಎಂದು ನನ್ನ ವಿಜ್ಞಾನದ ಕೀರ್ತಿಯನ್ನು ಊರ ದೇವರಿಗೆ ಒಪ್ಪಿಸಿಬಿಟ್ಟಳು. ಗೆದ್ದ ದಿನ ಜಗಳವೇಕೆಂದು ಇನ್ನೊಂದು ತಂಬಿಗೆ ನೀರು ಸುರಿದುಕೊಂಡೆ.

ಸಂಜೆ ಗೌರಮ್ಮ ಮಂಡಕ್ಕಿಯ ಜೊತೆ ಬಿಸಿ ಮಿರ್ಚಿ ತಂದಿಟ್ಟು, "ಖರೇ ರೀ, ನೀವು ಹೇಳಿದಂಗ ಆತು. ಮಂದಿ ಬದ್ಲಾದ್ರು" ಎಂದು ಸೋಲೊಪ್ಪಿಕೊಂಡಳು. ಮದುವೆಯಾದಾಗಿನಿಂದ ಈ ಮಾತಿಗೇ ಕಾದಿದ್ದ ನಾನು ಎದೆ ಉಬ್ಬಿಸಿ ಕುಳಿತೆ. ಅವಳು ಒಳಗೆ ಹೊರಟವಳು ತಿರುಗಿ, "ಅಂದಂಗ, ಹಳೇ ಟವೆಲ್‌ನಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟೀರಲ್ಲ, ಆ ಮೋಟ್ರು ಗುಜರಿಗೆ ಹಾಕ್ಲೇನ್ರಿ?" ಎಂದಳು.

ನಾನು ಮಿರ್ಚಿ ಕಡಿಯುತ್ತ, "ಇರ್ಲಿ ಬಿಡು, ಯಾವ್ದಕ್ಕೂ ಇರ್ಲಿ" ಎಂದೆ.