ಕಾರ್ಡಿಗೆ ಒಗ್ಗರಣೆ

ನನ್ನ ಷಡ್ಡಕನಿಗೆ ಇಂಗ್ಲಿಷ್ ಬರುವುದಿಲ್ಲ, ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ. ಆದರೂ ಅವರಿಬ್ಬರ ನಡುವಿನ ಹೊಂದಾಣಿಕೆ ನನಗೂ ನನ್ನ ಹೆಂಡತಿಗೂ ಇಪ್ಪತ್ತೆರಡು ವರ್ಷಗಳಲ್ಲಿ ಸಾಧ್ಯವಾಗಿಲ್ಲ!

ಹೆಂಡತಿಯ ಅಕ್ಕನ ಗಂಡನಾದ ಈ ಮಹಾಶಯ ಲಕ್ಷ್ಮೇಶ್ವರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಯಾವ ಯಂತ್ರ ಕೆಟ್ಟರೂ ಮೊದಲು ಅದನ್ನು ಮೂಸುತ್ತಾನೆ. ಮುಂಡರಗಿಯಲ್ಲಿ ಅತ್ತೆಯವರ ಮಿಕ್ಸರ್ ಮೂಸಿ, ಇನ್ನೊಂದು ಚಟ್ನಿಗೆ ಇದು ಸಾಯುತ್ತದೆ ಎಂದ. ಅವನ ಮಾತು ಸುಳ್ಳು ಮಾಡಲು ನಾನೇ ಎದ್ದು ಚಟ್ನಿ ರುಬ್ಬಿದೆ. ಸತ್ತಿತು! ಅಂದಿನಿಂದ ಅತ್ತೆ ಅವನ ಹೋಳಿಗೆಗೆ ಕೇಳದೆ ತುಪ್ಪ ಸುರಿಯುತ್ತಾರೆ. ನನಗೆ ಮಾತ್ರ, "ತುಪ್ಪಾ ಹಾಕ್ಲೇನ್ರಿ?" ಪ್ರಶ್ನಾರ್ಥಕ ಚಿಹ್ನೆ ಇರುವ ತುಪ್ಪ ಯಾರ ಗಂಟಲಿಗೆ ಇಳಿದೀತು?

ಇನ್ನೊಮ್ಮೆ ಡಂಬಳ ದಾಟಿದ ಮೇಲೆ ಬಸ್ಸು ಕೆಮ್ಮತೊಡಗಿತು. ಷಡ್ಡಕ ಗಾಳಿ ಮೂಸಿ, ಬೆಲ್ಟು ಸುಡುತ್ತಿದೆ ಎಂದ. ಖರೆ ಆಯಿತು. ಕಂಡಕ್ಟರ್ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಕಿಸೆಯಲ್ಲಿ ಪತ್ರಕರ್ತನ ಗುರುತಿನ ಚೀಟಿ ಇಟ್ಟುಕೊಂಡ ನಾನು ಗದಗಿನವರೆಗೆ ನಿಂತೇ ಬಂದೆ.

ಇಷ್ಟನ್ನೂ ಸಹಿಸಿದ್ದೆ. ಮಗಳ ಸಂಗತಿ ಮಾತ್ರ ಸಹಿಸಲಾಗಲಿಲ್ಲ.

ಕಾಲೇಜಿಗಾಗಿ ಅವಳು ಮಾಗಡಿ ಕೆರೆಯ ಹಕ್ಕಿಗಳ ಅನಿಮೇಷನ್ ಮಾಡುತ್ತಿದ್ದಳು. ಸೋಮವಾರ ಒಪ್ಪಿಸಬೇಕು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಂದು ಹಕ್ಕಿ ರೆಕ್ಕೆ ಎತ್ತಿ ಇಳಿಸುವಷ್ಟರಲ್ಲಿ ನನ್ನ ಚಹಾ ಆರುತ್ತಿತ್ತು. ಅದಕ್ಕೇ ಗ್ರಾಫಿಕ್ಸ್ ಕಾರ್ಡು ತರಿಸಿ, ಬುಧವಾರ ನಾನೇ ಕೂಡಿಸಿದೆ. ಕಂಪ್ಯೂಟರಿಗೆ ಅದರ ಗುರುತೇ ಹತ್ತಲಿಲ್ಲ! ವರದಿಗಾರನ ಶಿಸ್ತಿನಲ್ಲಿ ವೇಳೆ ಸಮೇತ ಟಿಪ್ಪಣಿ ಬರೆದುಕೊಂಡೆ. ಸಂಜೆ ಆರು ಹತ್ತು: ಡ್ರೈವರ್ ಸಾಫ್ಟ್‌ವೇರ್ ಹಾಕಿದೆ, ಕಾರ್ಡು ಪತ್ತೆಯಿಲ್ಲ. ಏಳು ಗಂಟೆ: ತೆಗೆದು ಮತ್ತೆ ಹಾಕಿದೆ, ಪತ್ತೆಯಿಲ್ಲ. ಶುಕ್ರವಾರದ ಹೊತ್ತಿಗೆ ಆ ಪುಟ ಕಾಣೆಯಾದವರ ಪ್ರಕಟಣೆಯಂತಾಗಿತ್ತು.

ಶನಿವಾರ ಮಗಳು ನನಗೆ ಹೇಳದೆ ದೊಡ್ಡಪ್ಪನಿಗೆ ಫೋನ್ ಮಾಡಿದಳು. ಪೆನ್ನಿನ ನಿಬ್ಬು ಬಾಗಿದರೂ 'ಅಪ್ಪಾ' ಎಂದು ಓಡಿ ಬರುತ್ತಿದ್ದ ಹುಡುಗಿ! ತುಪ್ಪ ಹೋಯಿತು, ಸೀಟು ಹೋಯಿತು, ಈಗ ಇವಳೂ ಆ ಪಕ್ಷಕ್ಕೆ ಹೋದಳೇ?

ಭಾನುವಾರ ಬೆಳಿಗ್ಗೆ ಷಡ್ಡಕ ಚೀಲ ಹಿಡಿದು ಬಂದ. ಹೆಂಡತಿ ತವರಿಗೆ ಹೋಗಿದ್ದಳು. ಚಹಾ ಮಾಡಲು ಮಗಳು ಒಳಗೆ ಹೋದಳು. ಕಾರ್ಡಿನ ಗುರುತು ಹತ್ತುತ್ತಿಲ್ಲ ಎಂದು ನಾನು ಗಂಭೀರವಾಗಿ ವಿವರಿಸಿದೆ.

"ಹೊಸಾ ಬೀಗರಲಾ, ಒಮ್ಮಿಗೇ ಎಲ್ಲಿ ಗುರ್ತ ಹತ್ತತೈತ್ರಿ?" ಎನ್ನುತ್ತ ಕಾರ್ಡು ಕಿತ್ತು ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಸಾಹೇಬ್ರ, ಇದಕ್ಕ ಒಗ್ಗರಣಿ ಕೊಟ್ಟೀರೇನು?"

ನಿಮ್ಮೆದುರು ಮುಚ್ಚಿಡುವುದೇನು? ಹೊಸ ವಸ್ತುವಿಗೆ ಅರಿಶಿನ ಹಚ್ಚದೆ ಬಳಸಬೇಡಿ ಎಂದು ಬುಧವಾರ ಹೆಂಡತಿ ಫೋನಿನಲ್ಲಿ ಹೇಳಿದ್ದಳು. ಮಗಳು ಆಗ ಮನೆಯಲ್ಲಿ ಇರಲಿಲ್ಲ. ಕಂಪ್ಯೂಟರಿನೊಳಗೆ ಸಿಕ್ಕಿಸುವ ಕಾರ್ಡಿನ ಅಂಚಿಗೆ ಸಾಲಾಗಿ ಹೊಳೆಯುವ ಬಂಗಾರದ ಹಲ್ಲುಗಳೇ ಪೂಜೆಗೆ ಯೋಗ್ಯವಾಗಿ ಕಂಡವು. ಅರಿಶಿನ ನೀರಿನಲ್ಲಿ ಕಲಸಿ, ಒಂದನ್ನೂ ಬಿಡದೆ ಹಚ್ಚಿದ್ದೆ!

ಅವನು ನಗಲಿಲ್ಲ. ಮೇಜಿನ ಮೇಲಿದ್ದ ಮಗಳ ರಬ್ಬರು ತೆಗೆದುಕೊಂಡು ಆ ಹಲ್ಲುಗಳನ್ನು ತಿಕ್ಕಿದ. ಹಳದಿ ಪುಡಿ ಉದುರಿತು. ಕಾರ್ಡು ಕೂಡಿಸಿ ಗುಂಡಿ ಒತ್ತಿದ. ಪರದೆಯ ಮೇಲೆ ಕಾರ್ಡಿನ ಹೆಸರು ಬಂತು, ಹಕ್ಕಿಗಳು ಸರಾಗವಾಗಿ ಹಾರಿದವು. ಮಗಳ ಹೆಜ್ಜೆ ಕೇಳಿದ್ದೇ ತಡ, ಮೇಜಿನ ಪುಡಿಯನ್ನೆಲ್ಲ ಬಳಿದು ಅಂಗಿಯ ಕಿಸೆಗೆ ಹಾಕಿಕೊಂಡ.

ಏನಾಗಿತ್ತು ಎಂದು ಮಗಳು ಕೇಳಿದಳು. ಷಡ್ಡಕನೇ ಉತ್ತರ ಕೊಟ್ಟ:

"ಏನಿಲ್ಲವಾ. ನಿಮ್ಮಪ್ಪ ಎಲ್ಲಾ ಬರೊಬ್ಬರಿ ಮಾಡಿದ್ದ. ಒಂದ್ ಕೂದಲೆಳಿಯಷ್ಟು ಸರದಿತ್ತು, ನಾ ಒತ್ತೇನಿ."

"ಹಂಗಾರ ಅಪ್ಪನ್ನ ಕೇಳಿದ್ರ ಆಗ್ತಿತ್ತು," ಎಂದು ಅವಳು ಮೊದಲ ಕಪ್ಪು ನನ್ನ ಕೈಗಿಟ್ಟಳು. ತಪ್ಪು ಸುದ್ದಿಗೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಕಚೇರಿಯ ನಿಯಮ. ನಾನು ಚಹಾ ಕುಡಿದೆ.

ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ನೋಡಿದೆ: ಅವನ ಬಿಳಿ ಅಂಗಿಯ ಕಿಸೆ ಹಳದಿಯಾಗಿತ್ತು. ಮನೆಯಲ್ಲಿ ಅಕ್ಕಾರು ಕೇಳಿದರೆ ಏನು ಹೇಳುತ್ತೀರಿ ಎಂದೆ.

"ಷಡ್ಡಕನ ಮನ್ಯಾಗ ಊಟಾ ಜೋರಿತ್ತು ಅಂತೇನಿ," ಎಂದು ಬಸ್ಸು ಹತ್ತಿದ.

ಊಟ ಮಾಡಿಕೊಂಡು ಹೋಗಿ ಎಂಬ ಮಾತನ್ನೇ ನಾನು ಎತ್ತಿರಲಿಲ್ಲ. ನಾನೂ ಬಸ್ಸು ಹತ್ತಿ, ಅವನ ಮಡಿಲಲ್ಲಿದ್ದ ಚೀಲ ತೆಗೆದುಕೊಂಡು ಕೆಳಗಿಳಿದೆ.