ಕಾಲು ಮಡಚಿ ಕೂತ ನೆವಿಲ್

ರೇಲೀನ್: ಇಳಿಸು ಕಾಲನ್ನ! ಇದೇನು ವೇಷ ನಿಂದು?

ನೆವಿಲ್: ಕಾಲು ಮಡಚು ಅಂದೋಳು ನೀನೇ. ಮಡಚಿದೀನಿ. ಈಗ ಬಿಡಿಸೋಕೆ ಬರ್ತಾ ಇಲ್ಲ, ಅದು ಬೇರೆ ವಿಷಯ.

ವೈಯಲ್ಲಾ ಊರಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಭಾರೀ ಆಸಾಮಿ ನೆವಿಲ್, ಕಂಪ್ಯೂಟರಿನ ಮುಂದೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ಹೊಟ್ಟೆ ತೊಡೆಯ ಮೇಲೆ ಆರಾಮವಾಗಿತ್ತು. ಆರಾಮವಿಲ್ಲದ್ದು ಅವನಿಗೆ ಮಾತ್ರ. ಹೆಂಡತಿ ರೇಲೀನ್ ಫಿಸಿಯೋ ಕ್ಲಿನಿಕ್ಕಿನಲ್ಲಿ ಫೋನು ಎತ್ತುವವಳು. ಗಂಡನ ಮಣಿಕಟ್ಟಿನ ನೋವಿಗೆ ಅಲ್ಲಿ ಉಪಾಯ ಕೇಳಿ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು. ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಈ ಅವತಾರ.

ರೇಲೀನ್: ಕೀಬೋರ್ಡಿನ ಕಾಲು ಕಣೋ! ಹಿಂದೆ ಎರಡು ಪುಟ್ಟ ಕಾಲಿರುತ್ತಲ್ಲ, ಅದನ್ನ ಮಡಚು ಅಂದೆ. ಕೀಬೋರ್ಡ್ ಚಪ್ಪಟೆಯಾಗಿ ಕೂತ್ರೆ ನಿನ್ನ ಮಣಿಕಟ್ಟು ಹಿಂದಕ್ಕೆ ಬಾಗಲ್ಲ ಅಂತ.

ನೆವಿಲ್: ಅದಕ್ಕೆ ಕಾಲಿದೆ ಅಂತ ನಂಗೇನು ಕನಸು ಬೀಳುತ್ತಾ?

ರೇಲೀನ್: ಬೆಳಿಗ್ಗೆಯಿಂದ ಹೀಗೇ ಕೂತಿದ್ಯಾ?

ನೆವಿಲ್: ಟೀ ಕೂಡ ಕುಡಿದಿಲ್ಲ. ಏಳೋಕಾದ್ರೆ ತಾನೇ?

ಅವಳು ಒಂದು ಕಾಲನ್ನು ಹಿಡಿದೆಳೆದಳು. ಜೋಮು ಹಿಡಿದ ಕಾಲು ನೆಲಕ್ಕೆ ದೊಪ್ಪೆಂದು ಬಿತ್ತು. ನೆವಿಲ್ ಅದನ್ನೇ ನೋಡಿ, “ಇದು ನಂದೇನಾ?” ಎಂದ. ರೇಲೀನ್ ನಕ್ಕು ನಕ್ಕು ಸುಸ್ತಾದಳು.

ನೆವಿಲ್: ನಗಬೇಡ ರೇ. ಇವತ್ತೂ ಆಟದಲ್ಲಿ ಮೊದಲು ಸತ್ತೋನು ನಾನೇ ಆದ್ರೆ ಡ್ಯಾರೆಲ್ ನನ್ನ ಜಾಗಕ್ಕೆ ಪೋರ್ಟ್ ಅಗಸ್ಟಾದ ಯಾರನ್ನೋ ಕರ್ಕೊಳ್ತಾನಂತೆ.

ಕುಲುಮೆಯ ಮುಂದೆ ಒಟ್ಟಿಗೆ ಬೆವರು ಸುರಿಸಿದ ಗೆಳೆಯರು ಈಗ ಒಬ್ಬೊಬ್ಬರು ಒಂದೊಂದು ಊರಲ್ಲಿ. ಶನಿವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಒಂದೇ ಅವರನ್ನು ಸೇರಿಸುತ್ತಿತ್ತು. ತಂಡಕ್ಕೆ ‘ತುಕ್ಕುಗಳು’ ಎಂದು ಹೆಸರು, ಡ್ಯಾರೆಲ್ ಅದರ ನಾಯಕ. ಆ ಜಾಗವೂ ಕೈತಪ್ಪಿದರೆ ಮಾತಾಡಲು ನಾಯಿಯೇ ಗತಿ ಎಂದು ನೆವಿಲ್‌ಗೆ ನಿಜಕ್ಕೂ ಭಯವಾಗಿತ್ತು. ನಾಯಿಯೂ ಅವನ ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತಿತ್ತು.

ರೇಲೀನ್ ನಗು ನಿಲ್ಲಿಸಿ ಚೀಲದಿಂದ ಹೊಸ ಕೀಬೋರ್ಡ್ ತೆಗೆದಳು.

ನೆವಿಲ್: ಮೋಸ! ಬಲಗಡೆ ಅಂಕಿಗಳೇ ಇಲ್ಲ. ಅರ್ಧ ಕತ್ತರಿಸಿ ಕೊಟ್ಟಿದ್ದಾರೆ ನಿಂಗೆ.

ರೇಲೀನ್: ಬೇಕೂಂತಲೇ ಚಿಕ್ಕದು ತಂದೆ. ಮೌಸ್ ಹತ್ರ ಬಂದ್ರೆ ಭುಜ ಎಳೆಯಲ್ಲ. ಅಷ್ಟಕ್ಕೂ ನಿನ್ನ ಪಾಯಿಂಟು ಎಣಿಸೋಕೆ ಸೊನ್ನೆ ಒಂದು ಸಾಕು, ಅದು ಮೇಲಿನ ಸಾಲಲ್ಲೇ ಇದೆ.

ನೆವಿಲ್: ಆ ಸೊನ್ನೆಗೂ ಎಷ್ಟು ಕಷ್ಟಪಡ್ತೀನಿ ಗೊತ್ತಾ?

ರೇಲೀನ್: ಗೊತ್ತು. ಪಾದ ನೆಲಕ್ಕೆ ಊರು. ಭುಜ ಇಳಿಸು, ಕಿವಿಗೆ ಅಂಟಿಕೊಂಡಿದೆ.

ನೆವಿಲ್: ಅದು ಹುಟ್ಟಿದ್ದೇ ಅಲ್ಲಿ.

ರೇಲೀನ್: ಹಿಂದಕ್ಕೆ ಒರಗು. ಮೂಗಿನಿಂದ ಗುಂಡು ಹಾರಿಸ್ತೀಯೇನು?

ನೆವಿಲ್: ಒರಗಿದ್ರೆ ನಿದ್ದೆ ಬರುತ್ತೆ ಕಣೇ.

ರೇಲೀನ್: ಎದ್ದಿದ್ದಾಗ ಏನು ಕಡಿದು ಗುಡ್ಡೆ ಹಾಕಿದ್ದೀಯ? ಮೇಜಿನ ಹತ್ರ ಬಾ. ಇನ್ನೂ ಹತ್ರ.

ನೆವಿಲ್: ಹೊಟ್ಟೆ ಅಡ್ಡ ಬರ್ತಿದೆ. ಅದನ್ನೂ ಮಡಚಲಾ?

ಅವಳು ಪರದೆಯ ಕೆಳಗೆ ಬಿಯರಿನ ಖಾಲಿ ಪೆಟ್ಟಿಗೆ ಇಟ್ಟು ಕಣ್ಣಿನ ಮಟ್ಟಕ್ಕೆ ಏರಿಸಿದಳು, ಬೆನ್ನಿಗೆ ದಿಂಬು ಕೊಟ್ಟಳು. ನೆವಿಲ್ ಬೆರಳಾಡಿಸಿ ನೋಡಿದ. ಮಣಿಕಟ್ಟು ಮುಲುಗಲಿಲ್ಲ, ಕುತ್ತಿಗೆ ಕಟಕ್ಕೆನ್ನಲಿಲ್ಲ. ಕಾರ್ಖಾನೆ ಸೇರಿದ ಕಾಲದಲ್ಲಿದ್ದ ಮೈ ವಾಪಸು ಬಂದಂತಿತ್ತು.

ನೆವಿಲ್: ರೇ, ಒಂದು ಚೂರೂ ನೋವಿಲ್ಲ! ನೋಡ್ತಾ ಇರು ಇವತ್ತು.

ಆಟ ಶುರುವಾಯಿತು. ನೆವಿಲ್ ಬೆನ್ನು ನೆಟ್ಟಗೆ, ಭುಜ ಸಡಿಲ, ಪಾದ ನೆಲದಲ್ಲಿ. ಹಾಗೆಯೇ ನೇರವಾಗಿ ಶತ್ರುಗಳ ನಡುವೆ ನಡೆದು ಎಲ್ಲರಿಗಿಂತ ಮೊದಲು ಸತ್ತ.

ನೋವಿಲ್ಲದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಇಷ್ಟು ವರ್ಷ ಬೈಗುಳ ತಿಂದಿದ್ದ ಆ ಮಣಿಕಟ್ಟು ಪಾಪ ನಿರಪರಾಧಿ. ಆಟ ಬಾರದವನು ತಾನೇ.

ಡ್ಯಾರೆಲ್ (ಸ್ಪೀಕರಿನಿಂದ): ನೆವ್, ಮತ್ತೆ ಮಣಿಕಟ್ಟೇನೋ?

ನೆವಿಲ್ ನಿಜ ಹೇಳಲು ಬಾಯಿ ತೆರೆದ. ಅವನ ಮುಖ ನೋಡಿದ ರೇಲೀನ್ ಮೈಕು ಕಿತ್ತುಕೊಂಡಳು.

ರೇಲೀನ್: ಹೌದು ಡ್ಯಾರೆಲ್. ಊದಿಕೊಂಡು ಕುಂಬಳಕಾಯಿ ಆಗಿದೆ.

ಡ್ಯಾರೆಲ್: ಅಯ್ಯೋ ಪಾಪ! ಹಾಗಾದ್ರೆ ಅವನ ಜಾಗ ಎಲ್ಲೂ ಹೋಗಲ್ಲ ಬಿಡು. ನನ್ನ ಬೆನ್ನು ಸರಿಯಿದ್ದಿದ್ರೆ ನಾನೂ ಯಾವತ್ತೋ ಚಾಂಪಿಯನ್ನು. ಕ್ಲೈವ್‌ಗೆ ಕುತ್ತಿಗೆ, ಮರ್ವ್‌ಗೆ ಮೊಣಕೈ. ನಮ್ಮ ಆಟಕ್ಕೇನು ಕಮ್ಮಿ? ಎಲ್ಲಾ ಈ ಹಾಳು ಮೈದೇ ಕಾಟ. ಅಲ್ಲಮ್ಮಾ, ನೀನು ಕ್ಲಿನಿಕ್ಕಲ್ಲಿ ಇರೋಳು. ಹೇಗೆ ಕೂರಬೇಕು, ಏನು ಅಂತ ನಮಗೂ ಸ್ವಲ್ಪ ಹೇಳಬಾರದಾ?

ನೆವಿಲ್ ಮೈಕಿಗೆ ಎರಡೂ ಕೈಯಿಂದ ಜೋತುಬಿದ್ದ.

ನೆವಿಲ್: ಕೇಳಬೇಡ್ರೋ! ದೇವರಾಣೆ ಕೇಳಬೇಡಿ! ವಾಸಿ ಆಗಿಬಿಡುತ್ತೆ!