ಐವತ್ತೆರಡು ಡಿಗ್ರಿಯ ಕೋಲು

ಗಾಲ್ಫ್ ಆಡಿ ಹಾಳಾದವರು ಇದ್ದಾರೆ. ಅವರು ಸ್ಥಿತಿವಂತರು, ಹಾಳಾಗುವುದಕ್ಕೂ ಅವರಿಗೆ ಅನುಕೂಲವಿರುತ್ತದೆ. ಜೀವಮಾನದಲ್ಲಿ ಒಂದು ಸಲವೂ ಆ ಚೆಂಡಿಗೆ ಹೊಡೆಯದೆ ಗಾಲ್ಫಿನಿಂದ ಹಾಳಾದವನು ಮಾತ್ರ, ಠಾಣೆಯಿಂದ ಕಲ್ಯಾಣದವರೆಗೆ ಪ್ರತಿ ಸ್ಟೇಷನ್ನಿನಲ್ಲಿ ಇಳಿದು ಹುಡುಕಿದರೂ, ನಾನೊಬ್ಬನೇ ಸಿಕ್ಕೇನು. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಯಾರಾದರೂ ದೊಡ್ಡವರು ನಿಮ್ಮ ಹೆಗಲ ಮೇಲೆ ಕೈಯಿಟ್ಟು "ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದರೆ, ಹೊಟ್ಟೆನೋವು ಎಂದು ಹೇಳಿ ರಜೆ ಚೀಟಿ ಬರೆದುಕೊಟ್ಟು ಮನೆಗೆ ಹೋಗಿಬಿಡಿ. ದೊಡ್ಡವರಿಗೆ ಬೇಕಾದದ್ದು ನಮ್ಮ ಅಭಿಪ್ರಾಯವಲ್ಲ. ತಮ್ಮ ಅಭಿಪ್ರಾಯವನ್ನೇ ನಮ್ಮ ಅಕ್ಷರದಲ್ಲಿ ಓದುವ ಆಸೆ ಅವರಿಗೆ. ಈ ಸತ್ಯ ನನಗೆ ಆಗಲೇ ಗೊತ್ತಿತ್ತು ಎಂಬುದೇ ಈ ಕಥೆಯ ದುಃಖ.

ನಾನು ಠಾಣೆ-ಬೇಲಾಪುರ ರಸ್ತೆಯಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಹದಿನೇಳು ವರ್ಷ ಇದ್ದವನು. ವಿಭಾಗದಲ್ಲಿ ಮ್ಯಾನೇಜರರ ಕೈಕೆಳಗೆ ನಾವು ಮೂವರು. ಹಿರಿಯರಾದ ಕುಲಕರ್ಣಿ, ದೊಡ್ಡ ಆರ್ಡರುಗಳನ್ನು ನೋಡಿಕೊಳ್ಳುವವರು. ಆಗಷ್ಟೇ ಬಂದ ಜೋಸೆಫ್, ಕಂಪ್ಯೂಟರಿನ ಮುಂದೆ ಕೂತು ಪರದೇಶಕ್ಕೆ ಫ್ಯಾಕ್ಸ್ ಕಳಿಸುವವನು. ಇಬ್ಬರ ನಡುವಿನ ಮೇಜಿನಲ್ಲಿ ನಾನು, ಇವರಿಬ್ಬರ ಕೈಯಿಂದಲೂ ಜಾರಿ ಬಿದ್ದ ಕೆಲಸವನ್ನೆಲ್ಲ ಹೆಕ್ಕಿ ಮುಗಿಸುವವನು. ನನಗೆ ಇದ್ದ ವಿದ್ಯೆ ಒಂದೇ: ಮೂರು ಕಡೆಯಿಂದ ಕೊಟೇಶನ್ ತರಿಸಿ, ತುಲನಾ ಪಟ್ಟಿ ಮಾಡಿ, ಯಾವುದು ಬೇಕು ಯಾವುದು ಬೇಡ ಎಂದು ಕೆಳಗೆ ಎರಡು ಸಾಲು ಟಿಪ್ಪಣಿ ಬರೆಯುವುದು. ಈ ಚಟ ಮನೆಯಲ್ಲೂ ಬಿಟ್ಟದ್ದಲ್ಲ. ಬೆಂಡೆಕಾಯಿ ಕೊಳ್ಳಲು ಹೋದರೂ ಮೂರು ಗಾಡಿ ನೋಡದೆ ಕೈಚೀಲ ಬಿಚ್ಚುವವನಲ್ಲ ನಾನು. ನನ್ನ ಹೆಂಡತಿ ಸುಮತಿ ಉಡುಪಿಯ ಕಡೆಯವಳು. ನೆಂಟರು ಬಂದಾಗಲೆಲ್ಲ, "ಇವರು ನನ್ನನ್ನೂ ಹಾಗೆಯೇ ಆರಿಸಿದ್ದು, ನನಗಿಂತ ಮೊದಲು ಎರಡು ಕಡೆ ಉಪ್ಪಿಟ್ಟು ತಿಂದಿದ್ದರಂತೆ" ಎಂದು ಹೇಳಿ ನಗಿಸುತ್ತಾಳೆ. ನಾನೂ ನಗುತ್ತೇನೆ, ಏಕೆಂದರೆ ಅದು ನಿಜ.

ದೇಶದ ಬಾಗಿಲು ತೆರೆದಿದೆ, ಇನ್ನು ಪರದೇಶದ ಸಾಮಾನು ದಂಡಿಯಾಗಿ ಒಳಗೆ ಬರುತ್ತದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ಪರದೇಶದ ಪಂಪು ಬರುವ ಮೊದಲೇ ನಮಗೆ ಹೊಸ ಜನರಲ್ ಮ್ಯಾನೇಜರ್ ಭಲ್ಲಾ ಸಾಹೇಬರು ಬಂದರು. ಅವರ ಹಿಂದೆ ಡ್ರೈವರನ ಹೆಗಲ ಮೇಲೆ ಗಾಲ್ಫ್ ಕೋಲುಗಳ ಒಂದು ಉದ್ದನೆಯ ಚೀಲ ಬಂದು, ಕ್ಯಾಬಿನ್ನಿನ ಮೂಲೆಯಲ್ಲಿ ದೇವರ ಹಾಗೆ ಪ್ರತಿಷ್ಠಾಪನೆಯಾಯಿತು. ಅದೇ ಸಮಯಕ್ಕೆ ನಮ್ಮ ಖರೀದಿ ಮ್ಯಾನೇಜರು ಮಾರ್ಚಿಗೆ ನಿವೃತ್ತರಾಗುತ್ತಾರೆ ಎಂಬ ಸುದ್ದಿಯೂ ಬಂತು. ಆ ಹುದ್ದೆಯ ಜೊತೆಗೆ ವಾಶಿಯಲ್ಲಿ ಕಂಪನಿಯ ಫ್ಲ್ಯಾಟು. ಎರಡು ಬೆಡ್‌ರೂಮು, ಬಾಲ್ಕನಿ, ದಿನವಿಡೀ ನೀರು. ಆಗಿನ ಮ್ಯಾನೇಜರು ಅಲ್ಲಿರಲಿಲ್ಲ, ಅದು ಖಾಲಿ ಬಿದ್ದಿತ್ತು. ಡೊಂಬಿವಲಿ ಪೂರ್ವದ ನಮ್ಮ ಒಂದು ಕೋಣೆ-ಒಂದು ಅಡುಗೆಮನೆಯಲ್ಲಿ ಬೆಳಗಿನ ಜಾವ ನಲವತ್ತು ನಿಮಿಷ ನೀರು. ಅಷ್ಟರಲ್ಲಿ ಡ್ರಮ್ಮು, ಬಕೆಟ್ಟು, ಕೊಡಪಾನ, ಕೊನೆಗೆ ಚೊಂಬಿಗೂ ತುಂಬಿಸಬೇಕು. ಹದಿಮೂರು ವರ್ಷದಿಂದ ಆ ನಲವತ್ತು ನಿಮಿಷ ಸುಮತಿಯದು. ಆ ಫ್ಲ್ಯಾಟು ನಮಗೆ ಬಂದೀತು ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಒಂದು ಶನಿವಾರ ನನ್ನನ್ನು ವಾಶಿಗೆ ಎಳೆದುಕೊಂಡು ಹೋಗಿ, ವಾಚ್‌ಮನ್ನನ ಹತ್ತಿರ ಬೀಗ ತೆಗೆಸಿ, ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ, ಕಿಟಕಿಗಳನ್ನು ಗೇಣು ಹಾಕಿ ಅಳೆದುಕೊಂಡು ಬಂದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬೇಡ ಎಂದೆ. "ಕುಲಾವಿ ಅಲ್ಲ, ಪರದೆ" ಎಂದಳು.

ಒಂದು ದಿನ ಭಲ್ಲಾ ಸಾಹೇಬರು ನನ್ನನ್ನು ಕರೆಸಿ, ಹೆಗಲ ಮೇಲೆ ಕೈಯಿಟ್ಟು, "ರಾವ್, ಆಪ್ ತೋ ಕಂಪ್ಯಾರಿಸನ್ ಕೆ ಮಾಸ್ಟರ್ ಹೋ. ಮೇರಾ ಏಕ್ ಕಾಮ್ ಕರೋ" ಎಂದರು. ಕೆಲಸ ಹೀಗಿತ್ತು. ಲಂಡನ್ನಿನ ಭಾವಮೈದ ಅವರಿಗೆ ಎರಡು ಹೊಸ ಕೋಲು ಕೊಟ್ಟಿದ್ದ. ಅವನ್ನೂ ಸೇರಿಸಿದರೆ ಚೀಲದಲ್ಲಿ ಹದಿನೈದು ಕೋಲಾಗುತ್ತದೆ. ಆಟದ ಕಾನೂನಿನ ಪ್ರಕಾರ ಹದಿನಾಲ್ಕಕ್ಕಿಂತ ಹೆಚ್ಚು ಹೊರುವಂತಿಲ್ಲ, ಹೊತ್ತರೆ ದಂಡ. ಉದ್ದ ಕೋಲುಗಳನ್ನು ಬಿಡುವಂತಿಲ್ಲ. ಬಿಡುವುದಾದರೆ ನಾಲ್ಕು ವೆಡ್ಜ್‌ಗಳಲ್ಲಿ ಒಂದನ್ನು ಬಿಡಬೇಕು. ಯಾವುದನ್ನು ಎಂದು ನಾನು ತುಲನೆ ಮಾಡಿ ಟಿಪ್ಪಣಿ ಬರೆದುಕೊಡಬೇಕು. ಈ ವೆಡ್ಜ್ ಎಂದರೆ, ಚೆಂಡು ಗುಂಡಿಯಿಂದ ನೂರು ಗಜದೊಳಗೆ ಬಂದಮೇಲೆ ಬೇಕಾಗುವ, ಮುಖವನ್ನು ಮೇಲಕ್ಕೆ ವಾಲಿಸಿಕೊಂಡ ಗಿಡ್ಡ ಕಬ್ಬಿಣದ ಕೋಲು. ವಾಲಿದ್ದಕ್ಕೆ ಡಿಗ್ರಿಯ ಲೆಕ್ಕ. ನಲವತ್ತೆಂಟರದು ಚೆಂಡನ್ನು ತಗ್ಗಿನಲ್ಲಿ ದೂರ ಕಳಿಸುತ್ತದೆ. ಐವತ್ತಾರರದು ಮರಳಿನ ಹೊಂಡದಿಂದ ಮೇಲಕ್ಕೆತ್ತುತ್ತದೆ. ಅರವತ್ತರದು ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಹಾರಿಸಿ ಹತ್ತಿರದಲ್ಲೇ ಬೀಳಿಸುತ್ತದೆ. ನಲವತ್ತೆಂಟಕ್ಕೂ ಐವತ್ತಾರಕ್ಕೂ ನಡುವೆ ಉಳಿದ ಸಂದಿಯನ್ನು ತುಂಬುವುದು ಐವತ್ತೆರಡರದು. ಬಾಗಿಲ ಹತ್ತಿರ ಹೋದವನನ್ನು ಸಾಹೇಬರು ಮತ್ತೆ ಕರೆದು, "ಮಾರ್ಚ್ ಮೆ ಆಪ್ ಕೀ ಭೀ ಬಾತ್ ಕರೇಂಗೇ" ಎಂದರು. ಮಾರ್ಚಿನಲ್ಲಿ ನನ್ನ ವಿಷಯವನ್ನೂ ಮಾತಾಡುತ್ತಾರಂತೆ! ನನ್ನ ಕಿವಿಯಲ್ಲಿ ವಾಶಿಯ ನಲ್ಲಿ ಸುರಿಯತೊಡಗಿತು.

ಹೊಸ ಎರಡು ಕೋಲುಗಳನ್ನು, ಐವತ್ತೆರಡರದನ್ನೂ ಅರವತ್ತರದನ್ನೂ, ಅಭ್ಯಾಸಕ್ಕೆಂದು ಮನೆಗೆ ಒಯ್ದೆ. ಸಂಜೆಯ ಲೋಕಲ್ಲಿನಲ್ಲಿ ಠಾಣೆಯಿಂದ ಡೊಂಬಿವಲಿಗೆ ಮನುಷ್ಯನೊಬ್ಬ ತನ್ನ ಎರಡು ಕಾಲುಗಳನ್ನು ಒಯ್ಯುವುದೇ ಸಾಹಸ. ಅದರಲ್ಲಿ ವರ್ತಮಾನಪತ್ರಿಕೆ ಸುತ್ತಿದ ಎರಡು ಕಬ್ಬಿಣದ ಕೋಲು ಬೇರೆ. ನಮ್ಮ ಡಬ್ಬಿಯಲ್ಲಿ ದಿನವೂ ಜೊತೆಗೆ ಬರುವ ಗ್ರೂಪಿನವರು, "ಕಾಯ್ ರಾವ್‌ಸಾಹೇಬ್, ಯಾ ವಯಾತ್ ಹಾಕಿ?" ಎಂದು ಕೇಳಿ ನಕ್ಕರು. ಈ ವಯಸ್ಸಿನಲ್ಲಿ ಹಾಕಿ ಅಲ್ಲ, ಗಾಲ್ಫ್ ಎಂದಾಗ ಇನ್ನೂ ಜೋರಾಗಿ ನಕ್ಕರು. ಆದರೆ ಒಬ್ಬ ಎದ್ದು ಸೀಟು ಕೊಟ್ಟ. ಹದಿನೇಳು ವರ್ಷದಲ್ಲಿ ಮುಂಬ್ರಾ ಸ್ಟೇಷನ್ನಿಗೆ ಮೊದಲೇ ನನಗೆ ಸೀಟು ಸಿಕ್ಕಿದ್ದು ಅದೇ ಮೊದಲು. ಮನೆಯಲ್ಲಿ ಮಗಳು, "ಪಪ್ಪಾ, ಹೇ ಆಪ್ಲಂ ಆಹೇ ಕಾ?" ಎಂದು, ಇದು ನಮ್ಮದೇ ಏನು ಎಂದು, ಮರಾಠಿಯಲ್ಲಿ ಕೇಳಿದಳು. ಸುಮತಿ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತ ಮಾರಾಯ್ರೆ, ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಕೊಕ್ಕೆಯಾ?" ಎಂದಳು. ನಾನು ಕನ್ನಡಿಯ ಮುಂದೆ ನಿಂತು, ಸಾಹೇಬರ ಹಾಗೆ ಸೊಂಟ ಬಾಗಿಸಿ ಒಂದು ಸಲ ಬೀಸಿದೆ. ಟ್ಯೂಬ್‌ಲೈಟು ಉಳಿದದ್ದು ನಮ್ಮ ಹಿರಿಯರ ಪುಣ್ಯ.

ಮುಂದಿನ ನಾಲ್ಕು ಭಾನುವಾರ, ಮನೆಯವರನ್ನೆಲ್ಲ ಬಿಟ್ಟು, ರೈಲು ಬಸ್ಸು ಹಿಡಿದು, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಆಚೆ ಸಾಹೇಬರು ಆಡುವ ಕ್ಲಬ್ಬಿಗೆ ಹೋಗಿ, ಆಫೀಸಿನ ಬೂಟು ಹಾಕಿಕೊಂಡು ಹುಲ್ಲಿನ ಮೇಲೆ ಅವರ ಹಿಂದೆ ಹಿಂದೆ ನಡೆದೆ. ನೋಟುಬುಕ್ಕಿನಲ್ಲಿ ಯಾವ ಕೋಲು, ಎಷ್ಟು ದೂರ, ಚೆಂಡು ಎಲ್ಲಿ ಬಿತ್ತು ಎಂದು ಗೆರೆ ಎಳೆದು ಬರೆದುಕೊಂಡೆ. ಸಾಹೇಬರ ಚೀಲ ಹೊರುತ್ತಿದ್ದವನು ಕಲಬುರಗಿ ಕಡೆಯ ಮಲ್ಲಪ್ಪ. ನನಗಿಂತ ಹಿರಿಯ. ಕನ್ನಡ ಕೇಳಿ ಖುಷಿಯಾಗಿ ನನ್ನ ಹತ್ತಿರವೇ ನಡೆಯುತ್ತಿದ್ದ. ಎರಡನೆಯ ಭಾನುವಾರವೇ ನನ್ನ ಪಟ್ಟಿ ಉತ್ತರ ಹೇಳಿಬಿಟ್ಟಿತ್ತು. ಐವತ್ತೆರಡರ ಕೋಲು ಹಿಡಿದಾಗ ಸಾಹೇಬರ ಚೆಂಡು ಸದ್ದಿಲ್ಲದೆ ಹೋಗಿ ಗುಂಡಿಯಲ್ಲಿ ನೆಟ್ಟ ಬಾವುಟದ ಬುಡದಲ್ಲಿ ಕೂರುತ್ತಿತ್ತು. ಅರವತ್ತರದು ಹಿಡಿದಾಗ ಒಂದೋ ಹುಲ್ಲಿನ ಹೆಂಟೆ ಎದ್ದು ಚೆಂಡು ಅಲ್ಲೇ ಉಳಿಯುತ್ತಿತ್ತು, ಇಲ್ಲವೇ ಚೆಂಡು ಬಾವುಟ ದಾಟಿ ಪೊದೆಗೆ ಹೋಗುತ್ತಿತ್ತು. ಮಲ್ಲಪ್ಪನೂ ಅದನ್ನೇ ಹೇಳಿದ: "ನೋಡ್ರಿ ಸರ, ಸಾಹೇಬರ ಕೈಗಿ ಹೊಂದಿದ್ದು ಈ ನಡುವಿನ ಕೋಲ ಒಂದೇ. ಇದು ಇಲ್ಲಂದ್ರ ಮಧ್ಯಾಹ್ನತನಕಾ ಇಲ್ಲೇ ಹೊಡಕೋತ ಇರ್ತಾರ. ಖರೇ ಅಂದ್ರ ಅವರಿಗಿ ಇದರ ಮ್ಯಾಲ ಮನಸ್ಸೇ ಇಲ್ಲರೀ."

ಮನಸ್ಸು ಯಾವುದರ ಮೇಲೆ ಎಂದು ಮೂರನೆಯ ಭಾನುವಾರ ನನಗೆ ಗೊತ್ತಾಯಿತು. ಅಂದು ಒಂದೇ ಒಂದು ಸಲ, ಬೆಳಗಿನಿಂದ ಆರನೆಯ ಪ್ರಯತ್ನಕ್ಕೆ, ಅರವತ್ತರ ಕೋಲಿನ ಚೆಂಡು ಆಕಾಶಕ್ಕೇರಿ, ಮರಳಿನ ಹೊಂಡ ದಾಟಿ, ಸತ್ತ ಪಾರಿವಾಳದ ಹಾಗೆ ಬಾವುಟದ ಪಕ್ಕ ಬಿತ್ತು. ಜೊತೆಯವರು "ವಾಹ್ ಭಲ್ಲಾ!" ಎಂದು ಚಪ್ಪಾಳೆ ತಟ್ಟಿದರು. ಸಾಹೇಬರ ಮುಖ ಮದುಮಗನದಾಯಿತು. ಸೋಮವಾರ ಆಫೀಸಿನಲ್ಲಿ ಆ ಹೊಡೆತವನ್ನು ಅವರು ರೂಲುದೊಣ್ಣೆ ಹಿಡಿದು ಮೂರು ಜನಕ್ಕೆ ತೋರಿಸಿದರು. ಐವತ್ತೆರಡರ ಕೋಲಿಗೆ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಲಿಲ್ಲ. ಮಾಡಬೇಕಾದ್ದನ್ನು ಮಾಡುವವರಿಗೆ ಯಾರು ತಟ್ಟುತ್ತಾರೆ!

ಟಿಪ್ಪಣಿ ಬರೆಯಲು ಕೂತ ಸಂಜೆ ಸುಮತಿ ಅಕ್ಕಿ ಆರಿಸುತ್ತ ಎದುರಿಗೇ ಇದ್ದಳು. ವಿಷಯ ಹೇಳಿದೆ. "ಕೆಲಸ ಮಾಡುವುದನ್ನು ಇಟ್ಟುಕೊಳ್ಳುವುದು, ಮಾಡದೇ ಇದ್ದದ್ದನ್ನು ಬಿಡುವುದು. ಇದರಲ್ಲಿ ಇಷ್ಟು ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಎಂದಳು. ನಿನಗೆ ಆಫೀಸು ಅರ್ಥವಾಗುವುದಿಲ್ಲ ಎಂದೆ. ಅರ್ಥವಾದವನು ನಾನು! ಹಾವೂ ಸಾಯದೆ ಕೋಲೂ ಮುರಿಯದೆ ಬರೆಯಬಹುದಿತ್ತು. ನಾನು ಅಷ್ಟೂ ಕಷ್ಟಪಡಲಿಲ್ಲ. ನಾಲ್ಕು ಭಾನುವಾರದ ಲೆಕ್ಕವನ್ನು ಬದಿಗಿಟ್ಟು, ಅರವತ್ತರದು ಅನಿವಾರ್ಯ, ಐವತ್ತೆರಡರದು ಬೇಡ ಎಂದು ಬರೆದೆ. ಕೊನೆಗೆ ನನಗೇ ಹೆಮ್ಮೆಯೆನಿಸುವ ಇಂಗ್ಲಿಷಿನಲ್ಲಿ ಒಂದು ಷರಾ: "ಮಧ್ಯದ ಕೋಲಿನ ಕೆಲಸವನ್ನು ಅಕ್ಕಪಕ್ಕದವು ತುಸು ಹೊಂದಿಸಿಕೊಂಡು ಮಾಡಬಲ್ಲವು. ಆದ್ದರಿಂದ ಮಧ್ಯದ್ದನ್ನು ಹೊರುವುದು ಅನಗತ್ಯ ಭಾರ." ಸಾಹೇಬರು ಎರಡು ಸಲ ಓದಿದರು. ಎದ್ದು ನಿಂತು ಕೈ ಕುಲುಕಿದರು. "ಕ್ಯಾ ಲಾಜಿಕ್ ಹೈ!" ಎಂದು ಚಹಾ ತರಿಸಿ, ಟಿಪ್ಪಣಿಯನ್ನು ಡ್ರಾಯರಿನಲ್ಲಿ ಜೋಪಾನವಾಗಿಟ್ಟರು. ಆ ಭಾನುವಾರ ಸುಮತಿ ಉಲ್ಹಾಸನಗರಕ್ಕೆ ಹೋಗಿ ನೀಲಿ ಹೂವಿನ ಪರದೆ ಬಟ್ಟೆ ತಂದಳು. ನಾನು ಬೇಡ ಎನ್ನಲಿಲ್ಲ.

ಮಾರ್ಚಿನಲ್ಲಿ ಕರೆ ಬಂತು. ಹೊಸ ಶರ್ಟು ಹಾಕಿಕೊಂಡು ಹೋದೆ. ಸಾಹೇಬರು ಈ ಸಲವೂ ಹೆಗಲ ಮೇಲೆ ಕೈಯಿಟ್ಟರು. ಹೆಡ್ ಆಫೀಸಿನ ಒತ್ತಡ, ಪರದೇಶದ ಸ್ಪರ್ಧೆ, ಜನ ಕಡಿಮೆ ಮಾಡಲೇಬೇಕು ಎಂದರು. ಅವರು ನಮ್ಮಲ್ಲಿಗೆ ಬಂದದ್ದೇ ಅದಕ್ಕೆಂದು ಆಗ ತಿಳಿಯಿತು. ಮೇಜಿನ ಮೇಲೆ ಒಂದು ನಕ್ಷೆ ಹರಡಿದರು. ಖರೀದಿ ವಿಭಾಗದಲ್ಲಿ ಮೂರು ಚೌಕ, ನಡುವಿನ ಚೌಕದ ಮೇಲೆ ಕೆಂಪು ಗೆರೆ. "ರಾವ್, ಯೇ ತೋ ಆಪ್ ನೇ ಹೀ ಮುಝೇ ಸಿಖಾಯಾ" ಎಂದರು. ನನ್ನಿಂದಲೇ ಕಲಿತರಂತೆ! ವ್ಯಂಗ್ಯವಾಗಿ ಅಂದಿದ್ದರೆ ಎದುರು ಮಾತಾಡಬಹುದಿತ್ತು. ಮನಸಾರೆ ಮೆಚ್ಚಿ ಹೇಳಿದರು, ಅದೇ ಇವತ್ತಿಗೂ ನುಂಗಲಾಗದ ತುತ್ತು. ಸ್ವಯಂ ನಿವೃತ್ತಿಯ ಕಾಗದ ಕೊಟ್ಟರು. "ಮಧ್ಯದ ಹುದ್ದೆಯ ಕೆಲಸವನ್ನು ಅಕ್ಕಪಕ್ಕದವು ತುಸು ಹೊಂದಿಸಿಕೊಂಡು ಮಾಡಬಲ್ಲವು" ಎಂದಿತ್ತು. ಕೋಲು ಹೋಗಿ ಹುದ್ದೆ ಬಂದದ್ದು ಬಿಟ್ಟರೆ ಒಂದಕ್ಷರ ಬದಲಾಗಿರಲಿಲ್ಲ. ಓದಿದಾಗ ನನಗೆ ಮೊದಲು ಬಂದ ಯೋಚನೆ, ವಾಕ್ಯ ಚೆನ್ನಾಗಿದೆ ಎಂಬುದು. ನನ್ನಂಥ ಗುಲಾಮನಿಗೆ ಸ್ವಯಂ ನಿವೃತ್ತಿ ಕೊಡದೆ ಇನ್ನಾರಿಗೆ ಕೊಡುತ್ತಾರೆ?

ಕುಲಕರ್ಣಿ ಮ್ಯಾನೇಜರಾದರು. ಅವರಿಗೆ ಠಾಣೆಯ ನೌಪಾಡಾದಲ್ಲಿ ಸ್ವಂತ ಮನೆ, ವಾಶಿಯ ಫ್ಲ್ಯಾಟು ಬೇಡವಾಯಿತು. ಅದಕ್ಕೆ ಬೀಗ ಬಿದ್ದೇ ಇದೆಯಂತೆ, ನಲ್ಲಿಯಲ್ಲಿ ನೀರು ದಿನವಿಡೀ ಬರುತ್ತಲೇ ಇದೆಯಂತೆ. ಬೀಳ್ಕೊಡುಗೆಯ ದಿನ ಭಲ್ಲಾ ಸಾಹೇಬರು ಹಾರ ಹಾಕಿ, "ಇದರ ಬೆಲೆ ನಿಮಗೊಬ್ಬರಿಗೇ ಗೊತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿ, ರಿಬ್ಬನ್ನು ಕಟ್ಟಿದ ಐವತ್ತೆರಡರ ಕೋಲನ್ನೇ ಕೈಗಿಟ್ಟರು. ಸಂಜೆಯ ಲೋಕಲ್ಲಿನಲ್ಲಿ ಗ್ರೂಪಿನವರು ಹಾರ ನೋಡಿದರು, ಕೋಲು ನೋಡಿದರು, ಯಾರೂ ನಗಲಿಲ್ಲ. ಸೀಟು ಕೊಟ್ಟರು. ನಕ್ಕಿದ್ದರೆ ವಾಸಿಯಿತ್ತು.

ಸುಮತಿ ಏನಾದರೂ ಅಂದಾಳೆಂದು ಕಾದೆ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಎಂದಿನಂತೆ ಬೆಳಗಿನ ಜಾವ ಎದ್ದು ನೀರು ತುಂಬಿಸಿದಳು. ಎಂಟು ದಿನ ಕಳೆದ ಮೇಲೆ ವಾಶಿಗೆಂದು ಹೊಲಿದಿಟ್ಟ ಪರದೆಗಳನ್ನು ಹೊರತೆಗೆದಳು. ಒಂದನ್ನು ಒಂದು ಗೇಣು ಕೆಳಗಿನಿಂದ ಮಡಚಿ ಹೊಲಿದು, ನಮ್ಮ ಅಡುಗೆಮನೆಯ ಕಿಟಕಿಗೆ ಹಾಕುವುದೆಂದಾಯಿತು. ಹಾಕಲು ಸರಳು ಬೇಕಲ್ಲ? ಅಂಗಡಿಯಿಂದ ತಂದ ಸ್ಟೀಲಿನ ಸರಳು ಉದ್ದವಾಯಿತು. ಮನೆಯಲ್ಲಿದ್ದ ಬಿದಿರು ದಪ್ಪವಾಯಿತು. ಹಳೆಯ ಕೊಡೆಯ ಕೋಲು ಗಿಡ್ಡವಾಯಿತು. ನಾನು ಅಭ್ಯಾಸಬಲದಿಂದ ಮೂರನ್ನೂ ಮನಸ್ಸಿನಲ್ಲಿ ಪಟ್ಟಿ ಮಾಡುತ್ತಿರುವಾಗ, ಅವಳು ಬಾಗಿಲ ಹಿಂದಿನಿಂದ ಐವತ್ತೆರಡರ ಕೋಲು ತಂದು, ಪರದೆಯೊಳಗೆ ತೂರಿಸಿ, ಎರಡು ಮೊಳೆಗಳ ಮೇಲಿಟ್ಟಳು. ಅತ್ತಿತ್ತ ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಇಲ್ಲ. ಅದರ ಕಬ್ಬಿಣದ ಮುಖ ಮೊಳೆಯನ್ನು ಕಚ್ಚಿಕೊಂಡು ಕೂತುಬಿಟ್ಟಿತು.

ಸ್ಟೂಲಿನಿಂದ ಇಳಿದು, ದೂರ ನಿಂತು ನೋಡಿ, "ಈ ಜಾಗಕ್ಕೆ ಸರಿಯಾಗಿ ಆಗುವುದು ಇದೊಂದೇ ಮಾರಾಯ್ರೆ. ಬೇರೆ ಯಾವುದೂ ಆಗುದಿಲ್ಲ" ಎಂದಳು.

ಇದೇ ಎರಡು ಸಾಲನ್ನು ಅಂದು ಟಿಪ್ಪಣಿಯ ಕೆಳಗೆ ಬರೆಯಬೇಕಿತ್ತು. ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.